ಆರನೆಯ ಬೆರಳು

ಮುಧೋಳದ ಶಾಲೆಯ ನಡುವಿನ ಖೋಲಿಯಲ್ಲಿ ಆ ದಿನ ಇದ್ದವರನ್ನು ಮೊದಲು ಹೇಳಿಬಿಡುತ್ತೇನೆ. ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದ ಏಳನೆಯ ಇಯತ್ತೆಯ ನಲವತ್ತು ಹುಡುಗರು. ಕುರ್ಚಿಯ ಮೇಲೆ, ತಪಾಸಣೆಗೆಂದು ಬಂದ ಇನ್ಸ್‌ಪೆಕ್ಟರ್ ಸಾಹೇಬರು. ಅವರ ಬಲಕ್ಕೆ, ಕುಳಿತರೆ ಅಗೌರವವಾದೀತೆಂದು ನಿಂತೇ ಇದ್ದ ಹೆಡ್‌ಮಾಸ್ತರ ಹಣಮಂತರಾಯರು. ಬಾಗಿಲ ಹತ್ತಿರ ನೆಲಕ್ಕೆ ಕಂಬಳಿ ಹಾಸಿ ಕುಳಿತ ಲಕ್ಕವ್ವ, ರನ್ನ ಬೆಳಗಲಿಯ ಕುರಿಗಾರರ ಮನೆಯ ಹಿರಿಯಳು. ಅವಳ ತೊಡೆಯ ಮೇಲೆ ಹನ್ನೆರಡು ದಿನದ ಒಂದು ಕುರಿಮರಿ. ಮೇಜಿನ ಮೇಲೆ, ಗೋಡೆಗೆ ಒರಗಿಸಿಟ್ಟ ಫ್ರಾನ್ಸ್ ದೇಶದ ಒಂದು ಚಿತ್ರ. ಚಿತ್ರದ ಪಕ್ಕದಲ್ಲಿ, ಅದರ ಮೇಲೆ ಅಂಗೈ ಒತ್ತಿ ಹಿಡಿದುಕೊಂಡು, ಬೆವರುತ್ತ ನಿಂತ ನಾನು.

ಆ ಅಂಗೈಯ ಕೆಳಗೆ ಒಂದು ಬೆರಳಿತ್ತು. ಚಿತ್ರ ಬರೆದವನು ಬರೆಯದೆ ಬಿಟ್ಟ ಬೆರಳು. ಅದನ್ನು ಬರೆದವನು ನಾನು.

ಹೋದ ತಿಂಗಳು ಚಿತ್ರಕಲಾ ಮಾಸ್ತರಿಕೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗರು ನಮ್ಮ ಮನೆಗೆ ಬಂದಿದ್ದರು. ನೌಕರಿಯಲ್ಲಿ ನಾನು ಯಾವ ಯಾವ ಹುದ್ದೆಗೆ ಏರಿದೆ ಎಂದು ಬಹಳ ವಿನಯದಿಂದ ಕೇಳಿದರು. ಆ ಪಟ್ಟಿ ನನ್ನ ಪಿಂಚಣಿಯ ಕಾಗದದಲ್ಲಿದೆ. ಅದನ್ನು ಓದಿ ನಕ್ಕವರನ್ನು ನಾನು ಇನ್ನೂ ಕಂಡಿಲ್ಲ. ಹಾಗಾಗಿ ಅವರಿಗೆ ಚಹಾ ಕೊಟ್ಟು ಈ ಬೆರಳಿನ ಕಥೆ ಹೇಳಿದೆ. ಒಬ್ಬ ಚಹಾ ಆರಲು ಬಿಟ್ಟ. ಬರೆದಿಡಿ ಅಂದವನೂ ಅವನೇ.

ಸಂಸ್ಥಾನಗಳು ಹೋಗಿ ಜಮಖಂಡಿ, ಮುಧೋಳಗಳು ಮುಂಬೈ ರಾಜ್ಯದಲ್ಲಿ ಸೇರಿದ ಹೊಸತು. ನಾನು ಜಮಖಂಡಿಯಲ್ಲಿ ಒಂದು ಶಾಲಾ ಕಚೇರಿಯಲ್ಲಿ ಬಂದ ಟಪಾಲು, ಹೋದ ಟಪಾಲು ಬರೆಯುವ ಕಾರಕೂನನಾಗಿದ್ದೆ. ಕೈ ಮಾತ್ರ ಚಿತ್ರದ ಕಡೆಗೆ ಎಳೆಯುತ್ತಿತ್ತು. ನನ್ನ ಸೋದರಮಾವ ಮಹಾಲಿಂಗಪುರದಲ್ಲಿ ಮನೆಗಳ ಗೋಡೆಯ ಮೇಲೆ ಆನೆ, ಗಿಳಿ, ದ್ವಾರಪಾಲಕರನ್ನು ಬರೆಯುತ್ತಿದ್ದವನು. ನನಗೆ ಅಕ್ಷರ ಕಲಿಸುವುದಕ್ಕಿಂತ ಮೊದಲು ಬಣ್ಣ ಕಲಸುವುದನ್ನು ಕಲಿಸಿದ್ದ. ‘ಬಣ್ಣಕ್ಕ ಜಾಲಿ ಅಂಟು ಹಾಕಿದ ಮ್ಯಾಲೆ ಒಂದೀಟ ಬೆಲ್ಲದ ನೀರು ಬೀಳಬೇಕಲೇ. ಇಲ್ಲಂದ್ರ ಒಣಗಿ ಬಿರೀತೈತಿ’ ಅನ್ನುತ್ತಿದ್ದ. ಮಹಾಲಿಂಗಪುರದವನು, ಬೆಲ್ಲಕ್ಕೆ ಬರವಿರಲಿಲ್ಲ. ಈ ಬೆಲ್ಲದ ನೀರನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಆಗ ಮುಂಬೈಯಿಂದ ಒಂದು ಹೊಸ ಹುಕುಂ ಬಂತು. ಹಳ್ಳಿಗಾಡಿನ ಮಕ್ಕಳಿಗೆ ಜಗತ್ತಿನ ದೊಡ್ಡ ಚಿತ್ರಗಳನ್ನು ತೋರಿಸಿ ಅರ್ಥ ಹೇಳಬೇಕು. ಅದಕ್ಕೊಬ್ಬ ಸುತ್ತಾಡುವ ಚಿತ್ರಕಲಾ ಮಾಸ್ತರನನ್ನು ಒಂದು ವರ್ಷದ ಮಟ್ಟಿಗೆ ಹಂಗಾಮಿಯಾಗಿ ನೇಮಿಸಬೇಕು. ವರ್ಷದ ಕೊನೆಗೆ ಇನ್ಸ್‌ಪೆಕ್ಟರರು ಬಂದು ಪಾಠ ನೋಡಿ, ಒಪ್ಪಿಗೆಯಾದರೆ ಮುಂದುವರಿಸಬೇಕು. ಆಗದಿದ್ದರೆ ಚಿತ್ರ ಮುಂಬೈಗೆ, ಮಾಸ್ತರ ತನ್ನ ಹಳೆಯ ಮೇಜಿಗೆ. ನಾನು ಕೈ ಎತ್ತಿದೆ. ಬೇರೆ ಯಾರೂ ಎತ್ತಲಿಲ್ಲವಾದ್ದರಿಂದ ನನಗೇ ಸಿಕ್ಕಿತು. ಟಪಾಲಿನ ಮೇಜಿಗೆ ಹಿಂದಿರುಗುವುದು ನನಗೆ ಸುತರಾಂ ಬೇಕಿರಲಿಲ್ಲ. ಇಷ್ಟು ಗೊತ್ತಿರಲಿ.

‘ಜಗತ್ತಿನ ದೊಡ್ಡ ಚಿತ್ರಗಳು’ ಎಂದು ಹುಕುಮಿನಲ್ಲಿದ್ದರೂ ಬಂದದ್ದು ಒಂದೇ ಚಿತ್ರ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಇಷ್ಟಕ್ಕೂ ಸೇರಿ ಒಂದೇ. ಮೂಲ ಚಿತ್ರದ ಅಚ್ಚು ಅದು. ರಟ್ಟಿಗೆ ಅಂಟಿಸಿ, ಮೇಲೆ ವಾರ್ನಿಶ್ ಹಚ್ಚಿ, ಗಾಜು ಚೌಕಟ್ಟು ಹಾಕಿದ್ದರು. ಬರೆದವನ ಹೆಸರನ್ನು ನಾವು ಒಂದೊಂದು ಊರಲ್ಲಿ ಒಂದೊಂದು ಥರ ಉಚ್ಚರಿಸುತ್ತಿದ್ದುದರಿಂದ ಇಲ್ಲಿ ಬರೆಯುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುವುದು ಸಾಕಾಗಿ, ಅನಿಸಿದ ಬಣ್ಣದಲ್ಲಿ ಬರೆಯಲು ಹೊರಟ ಗುಂಪಿನವನಂತೆ. ಕೆಂಪು ನೆಲ. ನೀಲಿ ನೆರಳಿನ ಒಂದು ಮರ. ಮರದ ಕೆಳಗೆ ಎಂಟು ವರ್ಷದ ಒಂದು ಹುಡುಗಿ. ಅವಳ ತೋಳಿನಲ್ಲಿ ಸಣಕಲು ಕಾಲಿನ, ಉದ್ದ ಮೋರೆಯ, ಅರ್ಧ ಹಳದಿ ಅರ್ಧ ನೀಲಿ ಬಣ್ಣದ ಒಂದು ಪ್ರಾಣಿ. ಅದರ ಬೆನ್ನ ಮೇಲೆ ದಪ್ಪನೆಯ ಒಂದು ಬಿಳಿ ಗೀಟು. ಹುಡುಗಿಯ ಒಂದು ಕೈ ಪ್ರಾಣಿಯ ಗದ್ದದ ಕೆಳಗಿದೆ. ನೋಟ ಮಾತ್ರ ಪ್ರಾಣಿಯ ಮೇಲಿಲ್ಲ, ನಮ್ಮ ಮೇಲೂ ಇಲ್ಲ. ಚೌಕಟ್ಟಿನ ಎಡಕ್ಕೆ, ಆಚೆಗೆಲ್ಲೋ.

ಜೊತೆಗೊಂದು ಟಿಪ್ಪಣಿ ಇತ್ತು. ಪ್ರಾಣಿಯು ಕುರಿಮರಿ. ಚಿತ್ರದ ವಿಷಯ, ನಿಸರ್ಗದ ಮೇಲೆ ಮಗುವಿನ ಪ್ರೀತಿ. ಬಿಳಿ ಗೀಟು ಬೆಳಕಿನ ದಿಟ್ಟ ಸ್ಪರ್ಶ. ಮಗುವಿನ ನೋಟ ಅನಂತದ ಕಡೆಗಿದೆ. ಕೈಯಲ್ಲಿ ನಾಲ್ಕೇ ಬೆರಳಿರುವುದು ರೂಪದ ಸರಳೀಕರಣ. ಇಂಗ್ಲಿಷಿನಲ್ಲಿದ್ದುದನ್ನು ಯಾರೋ ಮರಾಠಿಗೆ ತಂದಿದ್ದರು, ಮರಾಠಿಯಿಂದ ಕನ್ನಡಕ್ಕೆ ನಾನು ತಂದೆ. ತರುವಾಗ ಒಂದೇ ಒಂದು ಸಲವೂ ತಲೆ ಎತ್ತಿ ಚಿತ್ರ ನೋಡಿದ ನೆನಪಿಲ್ಲ. ಟಿಪ್ಪಣಿಯನ್ನು ಹನ್ನೊಂದು ಪ್ರಶ್ನೆ, ಹನ್ನೊಂದು ಉತ್ತರ ಮಾಡಿ ಹುಡುಗರಿಗೆ ಬಾಯಿಪಾಠ ಮಾಡಿಸುವುದು ನನ್ನ ಪದ್ಧತಿ. ಒಂದು ವಾರದಲ್ಲಿ ಹುಡುಗರು ಚಿತ್ರಕ್ಕೆ ಬೆನ್ನು ಮಾಡಿ ನಿಂತರೂ ಅರ್ಥ ಹೇಳಬಲ್ಲವರಾಗುತ್ತಿದ್ದರು. ಅದು ನನಗೆ ಹೆಮ್ಮೆಯ ಸಂಗತಿಯಾಗಿತ್ತು.

ಬೀಳಗಿಗೆ ಹೊರಟ ಮೊದಲ ದಿನವೇ ಗಾಜು ಹೋಯಿತು. ಸರ್ವಿಸ್ ಮೋಟಾರಿನಲ್ಲಿ ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಕಂಡಕ್ಟರ್ ಬಂದ.

‘ಮಾಸ್ತರ, ಮಂದಿಗೇ ಜಾಗಾ ಇಲ್ಲ. ಈ ಫೋಟೋ ಮ್ಯಾಲೆ ಹಾಕ್ರಿ.’

‘ಗಾಜು ಐತೋ ಯಪ್ಪಾ, ಸರ್ಕಾರದ್ದು.’

‘ಮೋಟಾರದಾಗೂ ಗಾಜು ಅದಾವ್ರಿ, ಅವೇನು ಒಡದಾವನು?’

ಟಾಪಿನ ಮೇಲೆ ಹಾಕಿದೆವು. ಮುಂದಿನ ಊರಲ್ಲಿ ಅದರ ಮೇಲೆ ಎರಡು ಬೆಲ್ಲದ ಪೆಂಟೆ ಬಿದ್ದವು. ಬೀಳಗಿಯಲ್ಲಿ ಇಳಿಸಿದಾಗ ಚೌಕಟ್ಟಿನೊಳಗೆ ಗಾಜಿನ ಪುಡಿ, ಬೆಲ್ಲದ ಪುಡಿ ಎರಡೂ ಇದ್ದವು. ಚಿತ್ರಕ್ಕೆ ಮಾತ್ರ ಏನೂ ಆಗಿರಲಿಲ್ಲ. ನಾನು ಜಾಡಿಸುತ್ತ ಕುಳಿತಿರುವಾಗ, ನಿಲ್ದಾಣದಲ್ಲಿದ್ದ ಒಬ್ಬ ಅಜ್ಜಿ ಯಾವುದೋ ದೇವಿಯ ಪಟವೆಂದು ತಿಳಿದು ಹುಡುಗಿಯ ಹಣೆಗೆ ಕುಂಕುಮ ಹಚ್ಚಿಯೇಬಿಟ್ಟಳು. ಕೆಳಗೆ ವಾರ್ನಿಶ್ ಇದ್ದುದರಿಂದ ಒದ್ದೆ ಬಟ್ಟೆ ಎಳೆದರೆ ಅಷ್ಟೂ ಹೋಯಿತು. ಆ ಹೊತ್ತಿಗೆ ನನಗೊಂದು ಕೆಟ್ಟ ಧೈರ್ಯ ಬಂತು: ಈ ಚಿತ್ರದ ಮೇಲೆ ಏನು ಬಿದ್ದರೂ ಒರೆಸಬಹುದು.

ಬೀಳಗಿಯ ಹುಡುಗರು ಪ್ರಾಣಿಯನ್ನು ಕರು ಅಂದರು. ಕುರಿಮರಿ ಎಂದು ತಿದ್ದಿ, ಹನ್ನೊಂದು ಉತ್ತರ ಕಲಿಸಿ, ಬನಹಟ್ಟಿಗೆ ಹೋದೆ.

ಬನಹಟ್ಟಿಯಲ್ಲಿ ನಾನು ಇಳಿದುಕೊಂಡದ್ದು ನೇಕಾರ ಚನ್ನಪ್ಪನ ಮನೆಯಲ್ಲಿ. ಸೀರೆಯ ದಡಿಗೆ ಚೌಕಳಿ ಕಾಗದದ ಮೇಲೆ ನಕ್ಷೆ ತೆಗೆಯುವುದರಲ್ಲಿ ಅವನನ್ನು ಮೀರಿಸುವವರು ಆ ಓಣಿಯಲ್ಲಿ ಇರಲಿಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಚಿತ್ರವನ್ನು ನೋಡಿದ. ಒಂದು ಸಲ ತಲೆ ಕೆಳಗೆ ಮಾಡಿಸಿ ನೋಡಿದ. ಆಮೇಲೆ ಬಹಳ ಬೇಸರದಿಂದ ಹೇಳಿದ:

‘ಇದು ಅರ್ಧಾ ಐತ್ರಿ ಮಾಸ್ತರ.’

‘ಅರ್ಧಾ ಹೆಂಗೋ? ಇಡೀ ಚಿತ್ರ ಇದು.’

‘ಕೂಸು ಈ ಕಡಿ ನೋಡತೈತಿ, ಮರಿ ಮಾರಿನೂ ಈ ಕಡಿನ. ಅಂದ್ರ ಈ ಕಡಿ ಒಂದು ಏನರ ಇರಬೇಕಲ್ರಿ. ದಡಿಯೊಳಗ ನಾವು ಒಂದು ಹಂಸ ಹಾಕಿದ್ವಿ ಅಂದ್ರ ಎದುರಿಗೆ ಇನ್ನೊಂದು ಹಂಸ ಹಾಕ್ತೀವಿ. ಒಂದ ಹಂಸ ಹಾಕಿ ಬಿಟ್ರ ಉಡಾಕಿ ಕೇಳ್ತಾಳ, ಜೋಡಿ ಎಲ್ಲಿ ಅಂತ.’

‘ಅವಳು ಅನಂತದ ಕಡೆ ನೋಡಾಕತ್ತಾಳಪ್ಪ’ ಅಂದೆ.

‘ಅದನ್ನ ನೇಯಾಕ ಬರೂದಿಲ್ಲರಿ’ ಅಂದ ಚನ್ನಪ್ಪ.

ನಾಲ್ಕು ದಿನ ಅಲ್ಲಿದ್ದೆ. ನಾನು ಶಾಲೆಯಿಂದ ಬರುವಷ್ಟರಲ್ಲಿ ಅವನು ಚೌಕಳಿ ಕಾಗದದ ಮೇಲೆ ಆ ಪ್ರಾಣಿಯನ್ನು ಇಳಿಸಿದ್ದ, ಎದುರಿಗೆ ಒಂದು ದೊಡ್ಡ ಕುರಿಯನ್ನೂ ತಂದು ನಿಲ್ಲಿಸಿದ್ದ. ಆ ದಡಿಯ ಹತ್ತು ಹನ್ನೆರಡು ಸೀರೆ ರಬಕವಿಯ ಪೇಟೆಯಲ್ಲಿ ಖರ್ಚಾದವು. ‘ಮಾಸ್ತರ ಸೀರಿ’ ಎಂದು ಕರೆಯುತ್ತಿದ್ದರಂತೆ. ಫ್ರಾನ್ಸಿನ ಚಿತ್ರಕಾರನಿಗೆ ತಿಳಿದಿದ್ದರೆ ಏನನ್ನುತ್ತಿದ್ದನೋ. ಮರಿಗೆ ಜೋಡಿ ಬೇಕೆಂದ ಚನ್ನಪ್ಪನ ಮಾತನ್ನು ನಾನು ನೇಕಾರರ ಚಾಳಿ ಎಂದು ತಳ್ಳಿಹಾಕಿದೆ.

ಹೀಗೆ ಹತ್ತಾರು ಶಾಲೆ ಸುತ್ತಿ ಕಡೆಗೆ ಮುಧೋಳ. ವರ್ಷದ ಕೊನೆಯ ಊರು; ತಪಾಸಣೆಯೂ ಅಲ್ಲಿಯೇ ಎಂದು ಪತ್ರ ಬಂದಿತ್ತು. ಮುಧೋಳ ಎಂದರೆ ನಾಯಿ. ಸಣ್ಣ ಸೊಂಟ, ಉದ್ದ ಕಾಲು, ಬಿಟ್ಟರೆ ಮೊಲ ತರುವ ನಾಯಿ. ಚಿತ್ರದ ಮೇಲಿನ ಬಟ್ಟೆ ಸರಿಸಿದ್ದೇ ತಡ, ನಲವತ್ತೂ ಹುಡುಗರು ಒಟ್ಟಿಗೆ ‘ನಾಯಿರಿ ಸರ’ ಅಂದರು.

‘ಅದು ಕುರಿಮರಿ’ ಅಂದೆ.

‘ಅಲ್ರಿ ಸರ, ನಾಯಿಮರಿರಿ. ಸೊಂಟ ನೋಡ್ರಿ. ಕುರಿಗಿ ಅಂಥಾ ಸೊಂಟ ಎಲ್ಲಿದ್ದೀತ್ರಿ?’

‘ಬರದದ್ದು ಫ್ರಾನ್ಸ್ ದೇಶದಾಗಲೇ.’

‘ಅಲ್ಲಿಗೂ ನಮ್ಮೂರಿಂದ ನಾಯಿ ಒಯ್ದಿರಬೇಕ್ರಿ.’

ಮೂರು ದಿನ ಬಾಯಿಪಾಠ ಮಾಡಿಸಿದರೂ, ‘ಪ್ರಾಣಿ ಯಾವುದು’ ಎಂದರೆ ಮುಂದಿನ ಸಾಲಿನವರು ‘ಕುರಿಮರಿ’ ಅನ್ನುವರು, ಹಿಂದಿನ ಸಾಲಿನಿಂದ ಬೊಗಳುವ ಸದ್ದು ಬರುವುದು.

ಹೆಡ್‌ಮಾಸ್ತರ ಹಣಮಂತರಾಯರು ಗಣಿತದ ಜನ. ಒಳ್ಳೆಯವರು, ಆದರೆ ಶಾಲೆಯಲ್ಲಿ ಯಾವುದೇ ವಸ್ತು ಲೆಕ್ಕಕ್ಕೆ ಕಡಿಮೆ ಬೀಳುವುದನ್ನು ಸಹಿಸರು. ಒಂದು ಮಧ್ಯಾಹ್ನ ಬಂದು ಚಿತ್ರದ ಮುಂದೆ ನಿಂತರು. ಕನ್ನಡಕ ಏರಿಸಿದರು, ಇಳಿಸಿದರು.

‘ಏನ್ರಿ ಇದು? ಈ ಹುಡುಗಿಗೆ ನಾಕ ಬೆರಳು ಅದಾವಲ್ರಿ.’

‘ಅದು ರೂಪದ ಸರಳೀಕರಣ ಅಂತ್ರಿ.’

‘ಸರಳೀಕರಣ ನಾನೂ ಕಲಸ್ತೀನ್ರಿ, ಮೂವತ್ತು ವರ್ಷಾತು. ಹಂಗ ಮಾಡಿದ್ರ ಬೆಲೆ ಬದಲಾಗಬಾರದು. ಐದು ಇದ್ದದ್ದು ನಾಕಾದ್ರ ಅದು ತಪ್ಪು.’

‘ದೊಡ್ಡ ಚಿತ್ರಕಾರ್ರಿ ಅಂವ.’

‘ದೊಡ್ಡಾಂವ ಇದ್ರ ತಪ್ಪೂ ದೊಡ್ಡದ ಆಕ್ಕತಿ. ನಾಳೆ ಸಾಹೇಬ್ರು ಎಣಿಸಿದ್ರ, ಮುಧೋಳ ಸಾಲ್ಯಾಗ ತಪ್ಪು ಕಲಸ್ತಾರ ಅಂತ ಬರೀತಾರ. ನಿಮ್ಮ ನೌಕರಿನೂ ಹೋತು, ನಮ್ಮ ಸಾಲಿ ಮರ್ಯಾದಿನೂ ಹೋತು. ನೀವು ಡ್ರಾಯಿಂಗ್ ಮಾಸ್ತರ ಹೌದಲ್ಲೋ? ಒಂದು ಬೆರಳು ಹಾಕ್ರಿ.’

ನಾನು ಇಲ್ಲವೆನ್ನಬೇಕಿತ್ತು. ಹೊಸಬರಿಗೆ ಹೇಳುತ್ತೇನೆ: ಮೇಲಿನವರು ನಿಮ್ಮ ನೌಕರಿಯ ಹೆಸರೆತ್ತಿ ಏನನ್ನಾದರೂ ಬರೆಯಲು ಹೇಳಿದರೆ, ಕುಂಚ ಒದ್ದೆ ಮಾಡುವ ಮೊದಲು ಮನೆಗೆ ಹೋಗಿ ಒಂದು ಸಲ ಊಟ ಮಾಡಿ ಬನ್ನಿ. ನಾನು ಊಟ ಮಾಡಲಿಲ್ಲ. ಬೇಡವೆಂದರೆ ಒರೆಸಬಹುದಲ್ಲ ಎಂದುಕೊಂಡು ಕೂತೆ. ಕೆಮ್ಮಣ್ಣು, ಹಳದಿ, ಬಿಳಿ, ಜಾಲಿ ಅಂಟು, ಮೇಲೆ ಮಾವ ಹೇಳಿಕೊಟ್ಟ ಬೆಲ್ಲದ ನೀರು. ಸರ್ಕಾರದ ಕೆಲಸವೆಂದು ಬೆಲ್ಲ ತುಸು ಹೆಚ್ಚೇ ಹಾಕಿದೆ. ಹೆಬ್ಬೆರಳಿಗೂ ನಡುಬೆರಳಿಗೂ ನಡುವಿದ್ದ ಜಾಗದಲ್ಲಿ, ಪ್ರಾಣಿಯ ಗದ್ದಕ್ಕೆ ತಾಗಿದಂತೆ, ಉಗುರಿನ ಸಮೇತ ಒಂದು ಬೆರಳು ಬರೆದೆ. ಬಹಳ ಚಂದ ಬಂತು. ಉಳಿದ ನಾಲ್ಕಕ್ಕಿಂತ ಚಂದ ಬಂತು ಎಂದು ಹಣಮಂತರಾಯರೇ ಅಂದರು.

ನಾಯಿಯ ಪ್ರಶ್ನೆಗೂ ಅವರ ಹತ್ತಿರ ಉಪಾಯವಿತ್ತು. ‘ಜೀವಂತ ಕುರಿಮರಿ ತಂದು ಚಿತ್ರದ ಬಾಜೂಕ ನಿಲ್ಲಸ್ರಿ. ಹುಡುಗೂರು ಕಣ್ಣಲೆ ನೋಡ್ಲಿ. ಪ್ರತ್ಯಕ್ಷ ಪದ್ಧತಿ ಅಂತ ಸಾಹೇಬ್ರೂ ಖುಷಿ ಆಕ್ಕಾರ.’

ಹಾಗಾಗಿ ತಪಾಸಣೆಯ ಹಿಂದಿನ ದಿನ ಸೈಕಲ್ ಹತ್ತಿ ರನ್ನ ಬೆಳಗಲಿಗೆ ಹೋದೆ. ಊರ ಹೊರಗೆ ಕಬ್ಬು ಕಡಿದ ಹೊಲದಲ್ಲಿ ಕುರಿ ನಿಲ್ಲಿಸಿದ್ದರು. ಲಕ್ಕವ್ವ ಒಂದು ಮರಿಯನ್ನು ಬಗಲಲ್ಲಿ ಇಟ್ಟುಕೊಂಡು, ಅದರ ಗದ್ದಕ್ಕೆ ಕೈ ಕೊಟ್ಟು, ಒಂದು ಕುರಿಯ ಹಿಂದೆ ತಿರುಗುತ್ತಿದ್ದಳು. ಕುರಿ ಹಿಂದಿರುಗಿ ಒದ್ದಿತು.

‘ಬೀರಪ್ಪನ ಆಣಿ ಐತಿ ನಿನಗ, ಒಂದೀಟ ನಿಲ್ಲ ಬೇ’ ಎಂದು ಅವಳು ಕುರಿಯನ್ನು ಬೇಡಿಕೊಂಡಳು. ಆಮೇಲೆ ನನ್ನನ್ನು ನೋಡಿ, ‘ಯಾರಪ್ಪಾ ನೀನು?’ ಅಂದಳು.

ಹೇಳಿದೆ. ಒಂದು ಮರಿ, ಒಂದು ದಿನ, ಶಾಲೆಗೆ.

‘ಮರಿ ಸಾಲಿಗಿ ಯಾಕೋ ಯಪ್ಪಾ?’

‘ಹುಡುಗೂರಿಗೆ ತೋರಸಾಕ ಬೇ ಯವ್ವಾ. ಕುರಿಮರಿ ಹೆಂಗ ಇರತೈತಿ ಅಂತ.’

‘ಮುಧೋಳದ ಹುಡುಗೂರು ಕುರಿಮರಿ ನೋಡಿಲ್ಲ?’

‘ನೋಡ್ಯಾರ. ಚಿತ್ರದಾಗ ನೋಡಿದ್ರ ನಾಯಿ ಅಂತಾರ.’

ಅವಳು ಬಹಳ ಹೊತ್ತು ನನ್ನನ್ನು ನೋಡಿದಳು. ಓದಿದವರ ಕಷ್ಟ ದೊಡ್ಡದು ಎಂಬ ಕನಿಕರ ಅವಳ ಮುಖದಲ್ಲಿತ್ತು. ‘ತಾಯಿ ಇದ್ದ ಮರಿ ಕೊಟ್ರ ತಾಯಿ ಒದರಿ ಸಾಯ್ತೈತಿ. ಇದು ತಬ್ಬಲಿ ಐತಿ. ಇದರ ತಾಯಿ ಹಡದ ಮೂರ ದಿನಕ್ಕ ಸತ್ತಳು. ಅಗಾ, ಆ ಕುರಿದು ಮರಿ ಸತ್ತೈತಿ. ಅದಕ್ಕ ಇದನ್ನ ಹಚ್ಚಾಕ ನೋಡಾಕತ್ತೇನಿ, ಒಲ್ಲೆ ಅಂತೈತಿ. ಇದನ್ನ ಒಬ್ಬರ ಕೈಯಾಗ ಕೊಟ್ಟು ಕಳಸೂದಿಲ್ಲ. ಬೇಕಂದ್ರ ನಾನೂ ಬರ್ತೀನಿ.’

ಮರಿಯ ಬೆನ್ನ ಮೇಲೆ ಬೆಳ್ಳಗೆ ಏನೋ ಸವರಿತ್ತು. ಅವಳ ಕೈ ಮರಿಯ ಬಾಯಿಯ ಹತ್ತಿರವೇ ಇತ್ತು. ಎರಡನ್ನೂ ನಾನು ನೋಡಿದೆ. ಎಷ್ಟು ಚೆನ್ನಾಗಿ ನೋಡಿದೆ ಎಂದರೆ, ಏನೂ ಕಾಣಲಿಲ್ಲ.

ಮರುದಿನ ಸಾಹೇಬರು ಬಂದರು. ಕೋಟು, ಧೋತರ, ಕಪ್ಪು ಟೋಪಿ. ಮಿತಭಾಷಿ. ನಾನು ಚಿತ್ರದ ಮೇಲಿನ ಬಟ್ಟೆ ಸರಿಸುವ ಮೊದಲೇ ಕುರ್ಚಿಯಲ್ಲಿ ಒರಗಿ, ‘ಮಾಸ್ತರ, ಆ ಟಿಪ್ಪಣಿ ಅನುಕೂಲ ಆತೇನ್ರಿ? ಇಂಗ್ಲಿಷಿನೊಳಗ ಅದನ್ನ ಬರದದ್ದು ನಾನ. ಆ ಚಿತ್ರದ ಜೋಡಿ ಒಂದು ವರ್ಷ ಕಳದೀನಿ’ ಎಂದರು.

ನನ್ನ ಕೈ ಬಟ್ಟೆಯ ಮೇಲೆಯೇ ನಿಂತಿತು. ಹಣಮಂತರಾಯರ ಕಡೆ ನೋಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಅವರ ನೋಟ ಕೂಡ ಅನಂತದ ಕಡೆಗಿತ್ತು.

ಬಟ್ಟೆ ಸರಿಸಿದವನೇ ಅಂಗೈಯನ್ನು ಹುಡುಗಿಯ ಕೈಯ ಮೇಲೆ ಒತ್ತಿ ನಿಂತೆ. ಪಾಠ ಹಾಗೆಯೇ ಸುರುವಾಯಿತು.

‘ಚಿತ್ರದ ವಿಷಯ ಯಾವುದು?’

‘ನಿಸರ್ಗದ ಮೇಲೆ ಮಗುವಿನ ಪ್ರೀತಿ’ ಅಂದರು ನಲವತ್ತು ಜನ.

‘ಮಗುವಿನ ನೋಟ?’

‘ಅನಂತದ ಕಡೆಗೆ.’

‘ಮಾಸ್ತರ’ ಅಂದರು ಸಾಹೇಬರು, ‘ಒಂದೀಟ ಸರದ ನಿಲ್ರಿ.’

ಸರಿದೆ. ಕೈ ಸರಿಯಲಿಲ್ಲ. ಈಗ ನಾನು ಮೇಜಿಗೆ ಅಡ್ಡಲಾಗಿ, ಮರಕ್ಕೆ ಜೋತುಬಿದ್ದವನ ಹಾಗೆ ಕಾಣುತ್ತಿದ್ದಿರಬೇಕು. ಮುಂದಿನ ಸಾಲಿನವರು ಬಾಯಿಗೆ ಕೈ ಇಟ್ಟುಕೊಂಡರು.

‘ಕೈಗೇನಾಗೇತ್ರಿ?’

‘ಚಿತ್ರ ಜಾರತೈತ್ರಿ ಸಾಹೇಬ್ರ.’

‘ಜಾರ್ಲಿ, ನೋಡೂನು. ಬಿಡ್ರಿ.’

ಬಿಟ್ಟೆ. ಚಿತ್ರ ಜಾರಲಿಲ್ಲ. ಸಾಹೇಬರು ಇನ್ನೂ ಕನ್ನಡಕ ಹುಡುಕುತ್ತಿದ್ದರು. ಅಷ್ಟರಲ್ಲಿ ಬಾಗಿಲ ಕಡೆಯಿಂದ ಲಕ್ಕವ್ವ, ಮರಿಯನ್ನು ಎತ್ತಿಕೊಂಡು, ಎದ್ದು ಬಂದಳು. ಅವಳು ಆ ಚಿತ್ರವನ್ನು ಆಗಲೇ ಮೊದಲು ನೋಡಿದ್ದು.

‘ಯಾರಪ್ಪಾ ಇದನ್ನ ಬರದಾಂವ?’ ಅಂದಳು. ‘ಕುರ್ಯಾಗ ಹುಟ್ಟಿದಾಂವ ಇರಬೇಕು. ಹೌದು ಅನ್ನೂಹಂಗ ಬರದಾನ. ಆದ್ರ ಈ ಕೂಸಿಗಿ ಆರು ಬೆರಳು ಯಾಕ ಹಾಕ್ಯಾನ?’

ಹಣಮಂತರಾಯರಿಗೆ ತಡೆಯಲಾಗಲಿಲ್ಲ. ‘ಆರಲ್ಲಬೇ, ಐದು. ನಾನ ಎಣಿಸೀನಿ.’

‘ಐದು?’ ಅಂದರು ಸಾಹೇಬರು, ಕುರ್ಚಿಯಿಂದ ಎದ್ದು. ‘ನಾಕು ಇರಬೇಕಲ್ರಿ.’

ಹೀಗೆ ಒಂದೇ ಕೈಯ ಬಗ್ಗೆ ಮೂರು ಲೆಕ್ಕ ಬಂದವು. ಮೂರರಲ್ಲಿ ಎರಡು ತಪ್ಪಾಗಲೇಬೇಕಿತ್ತು. ನನ್ನ ಟಪಾಲಿನ ಮೇಜು, ಅದರ ಮೇಲಿನ ಮಸಿಕುಡಿಕೆ, ಮುರಿದ ಅದರ ಮುಚ್ಚಳ, ಎಲ್ಲ ನನ್ನ ಕಣ್ಣ ಮುಂದೆ ಬಂದು ನಿಂತವು.

ಲಕ್ಕವ್ವನಿಗೆ ನಮ್ಮ ಯಾರ ಮುಖವೂ ಕಾಣುತ್ತಿರಲಿಲ್ಲ, ಚಿತ್ರ ಕಾಣುತ್ತಿತ್ತು. ‘ಹೊರಗ ಐದು ಕಾಣತಾವಲ್ಲೋ. ಒಂದು ಮರಿ ಬಾಯಾಗ ಐತಿ. ಆರಾತು. ಹಿಂಗ ನೋಡು’ ಎಂದು ತನ್ನ ಮರಿಯನ್ನು ಚಿತ್ರದ ಪಕ್ಕಕ್ಕೆ ಹಿಡಿದಳು. ‘ತಬ್ಬಲಿ ಮರಿ ಸುಮ್ಮನ ಇರೂದಿಲ್ಲ. ಬಾಯಾಗ ಬೆರಳು ಕೊಡಬೇಕು. ಮೈಗೆಲ್ಲ ಹಾಲ ಸವರಬೇಕು, ಹಚ್ಚೂ ಕುರಿದ ಹಾಲ. ತನ್ನ ವಾಸನಿ ಬಂದ್ರ ತನ್ನ ಮರಿ ಅಂತ ತಿಳೀತೈತಿ ಅದು. ಅಗಾ, ಬೆನ್ನ ಮ್ಯಾಲೆ ಹಾಲು. ಕೂಸು ಕುರಿ ಕಡಿ ನೋಡಾಕತ್ತೈತಿ, ಬರತೈತೋ ಒದಿತೈತೋ ಅಂತ. ಕುರಿ ಆ ಕಡಿ ಐತಿ.’ ಅವಳು ಕೈ ತೋರಿಸಿದ್ದು ಚೌಕಟ್ಟಿನ ಎಡಕ್ಕೆ. ಚನ್ನಪ್ಪ ತನ್ನ ಕುರಿಯನ್ನು ನಿಲ್ಲಿಸಿದ್ದು ಸರಿಯಾಗಿ ಅಲ್ಲಿಯೇ.

ಬೆಳಕಿನ ದಿಟ್ಟ ಸ್ಪರ್ಶ ಹಾಲಾಯಿತು. ಅನಂತ ಒಂದು ಕುರಿಯಾಯಿತು. ಸಾಹೇಬರು ಬಾಯಿ ತೆರೆದರು, ಆದರೆ ಅಷ್ಟರಲ್ಲಿ ಮರಿ ತನ್ನ ಕೆಲಸ ಸುರು ಮಾಡಿತ್ತು. ಚಿತ್ರಕ್ಕೆ ಮೂಗು ತಾಗಿಸಿ ಮೂಸಿತು. ನಾಲಿಗೆ ಚಾಚಿತು. ಬೆಲ್ಲದ ರುಚಿ ಹತ್ತಿತು. ನಾನು ಬರೆದ ಬೆರಳನ್ನು ಉಗುರಿನಿಂದ ಹಿಡಿದು ಬುಡದ ತನಕ, ಬಹಳ ನಿಧಾನವಾಗಿ, ನಲವತ್ತು ಹುಡುಗರು, ಒಬ್ಬ ಹೆಡ್‌ಮಾಸ್ತರ, ಒಬ್ಬ ಇನ್ಸ್‌ಪೆಕ್ಟರರ ಎದುರಿಗೆ ನೆಕ್ಕಿ ಮುಗಿಸಿತು. ಕೆಳಗೆ ವಾರ್ನಿಶ್ ಫಳಫಳ ಹೊಳೆಯಿತು.

ಹಿಂದಿನ ಸಾಲಿನಿಂದ ಒಬ್ಬ ಹೇಳಿದ: ‘ನಾಯಿ ಅಲ್ರಿ ಸರ. ಕುರಿಮರಿನ ಹೌದ್ರಿ.’

‘ಮಾಸ್ತರ, ಇದೇನಿದು?’ ಅಂದರು ಸಾಹೇಬರು.

ಹಣಮಂತರಾಯರ ಹೆಸರು ಹೇಳಬಹುದಿತ್ತು. ಅವರ ಮುಖ ನೋಡಿದೆ. ಟೋಪಿ ಕೈಗೆ ಬಂದಿತ್ತು. ಕುಂಚ ಹಿಡಿದದ್ದು ನನ್ನ ಕೈ. ‘ಬೆರಳು ನಾನ ಬರದದ್ದರಿ ಸಾಹೇಬ್ರ. ನಾಕು ಕಡಿಮಿ ಅನಿಸ್ತು’ ಅಂದೆ.

ಒಂದು ಕ್ಷಣದ ಮೇಲೆ ಹಣಮಂತರಾಯರು, ‘ಎಣಿಸಿದಾಂವ ನಾನ್ರಿ’ ಎಂದು ಸೇರಿಸಿದರು. ಅದಕ್ಕಾಗಿ ಅವರನ್ನು ಇಂದಿಗೂ ನೆನೆಯುತ್ತೇನೆ.

ಸಾಹೇಬರು ಆಗಲೇ ಚಿತ್ರದ ಹತ್ತಿರ ಬಗ್ಗಿ ನಿಂತಿದ್ದರು. ‘ಬಾಯಾಗ ಬೆರಳು ಐತಿ ಅಂತ ಹೆಂಗ ಹೇಳ್ತೀಯವ್ವಾ? ಕಾಣೂದಿಲ್ಲ.’

‘ಬಾಯಾಗ ಇದ್ದದ್ದು ಹೆಂಗ ಕಾಣಬೇಕೋ? ನಿನ್ನ ಬೆರಳ ಕೊಡು.’

‘ನೀವು ಅನಬೇಕಬೇ, ಸಾಹೇಬ್ರವರು’ ಎಂದರು ಹಣಮಂತರಾಯರು.

‘ನನ್ನ ಮಗನ ವಾರಿಗಿ ಅದಾನ’ ಅಂದಳು ಲಕ್ಕವ್ವ. ಮರಿಯನ್ನು ಸಾಹೇಬರ ಕೋಟಿನ ಬಗಲಿಗೆ ತುರುಕಿದಳು. ಅವರ ಬಲಗೈ ಹಿಡಿದು ಗದ್ದದ ಕೆಳಗಿಟ್ಟು, ತೋರುಬೆರಳನ್ನು ಮರಿಯ ಬಾಯಿಗೆ ಕೊಟ್ಟಳು. ಮರಿ ಬಾಲ ಅಲ್ಲಾಡಿಸುತ್ತ ಚೀಪತೊಡಗಿತು. ಸಾಹೇಬರ ಭುಜ ಮೊದಲು ಬಿಗಿಯಿತು, ಆಮೇಲೆ ಸಡಿಲ ಬಿತ್ತು.

‘ಹುಡುಗೂರ್ಯಾ, ಎಣಸ್ರಿ’ ಅಂದಳು.

‘ಒಂದು, ಎರಡು, ಮೂರು, ನಾಕು’ ಅಂದರು ನಲವತ್ತು ಜನ. ಆ ವರ್ಷವಿಡೀ ನನ್ನ ತರಗತಿಗಳಲ್ಲಿ ಹುಡುಗರೆಲ್ಲ ಕಣ್ಣಾರೆ ನೋಡಿ ಕೊಟ್ಟ ಮೊದಲ ಸರಿ ಉತ್ತರ ಅದು.

ಸಾಹೇಬರು ತಮ್ಮ ಕೈಯನ್ನು ನೋಡಿದರು, ಚಿತ್ರದ ಕೈಯನ್ನು ನೋಡಿದರು. ಮರಿಯನ್ನು ಹಾಗೆಯೇ ಹಿಡಿದುಕೊಂಡು ಐದು ನಿಮಿಷ ನಿಂತಿದ್ದರು. ಆಮೇಲೆ ಕೈ ತೊಳೆದುಕೊಂಡು, ಚಹಾ ಬೇಡವೆಂದು, ಪಾಠ ಒಪ್ಪಿಗೆಯೋ ಅಲ್ಲವೋ ತಿಳಿಸದೆ ಮೋಟಾರು ಹತ್ತಿ ಹೋದರು.

ಅದಾದ ಮೇಲೆ ಒಂದೂವರೆ ತಿಂಗಳು ನಾನು ಟಪಾಲಿನವನ ದಾರಿ ಕಾದೆ. ಪಾಠವನ್ನು ನಿಲ್ಲಿಸಲು ಯಾರೂ ಹೇಳಿರಲಿಲ್ಲವಾದ್ದರಿಂದ ಮಾಡುತ್ತಲೇ ಇದ್ದೆ. ಹನ್ನೊಂದು ಪ್ರಶ್ನೆಗಳ ಕಾಗದ ಮಾತ್ರ ಒಲೆಗೆ ಹೋಗಿತ್ತು. ಚಿತ್ರವನ್ನು ಮುಂದಿಟ್ಟು, ನಾನು ಹಿಂದಿನ ಸಾಲಿಗೆ ಹೋಗಿ ಕೂತು, ‘ಏನ್ ಕಾಣತೈತಿ?’ ಎಂದು ಕೇಳುತ್ತಿದ್ದೆ. ಕಮ್ಮಾರರ ಹುಡುಗ ಒಬ್ಬ, ‘ಕೂಸಿನ ತೋಳು ನೋಯಾಕತ್ತೈತ್ರಿ, ಭಾಳ ಹೊತ್ತಾತು ಹಿಡದು’ ಅಂದ. ಟಿಪ್ಪಣಿಯಲ್ಲಿ ಅದು ಇರಲಿಲ್ಲ. ನೋಡಿದರೆ ಹೌದು, ಒಂದು ಭುಜ ಕೆಳಗಿಳಿದಿತ್ತು. ಮುಂದೆ ನೌಕರಿ ಇದ್ದಷ್ಟು ಕಾಲ ನಾನು ಹಿಂದಿನ ಸಾಲನ್ನು ಬಿಡಲಿಲ್ಲ.

ಕಡೆಗೊಂದು ದಿನ ಲಕೋಟೆ ಬಂತು. ಒಳಗೆ ಮೂರು ಕಾಗದ. ಒಂದು, ಸರ್ಕಾರಿ ಚಿತ್ರದ ಮೇಲೆ ಅಪ್ಪಣೆಯಿಲ್ಲದೆ ಬೆರಳು ಬರೆದುದಕ್ಕೆ ನನಗೆ ಕಟ್ಟುನಿಟ್ಟಿನ ತಾಕೀದು. ಎರಡು, ಸುತ್ತಾಡುವ ಚಿತ್ರಕಲಾ ಮಾಸ್ತರನ ಕೆಲಸವನ್ನು ಕಾಯಂ ಮಾಡಿ, ಅದರಲ್ಲಿ ನನ್ನನ್ನೇ ಮುಂದುವರಿಸಿದ ಹುಕುಂ. ಮೂರು, ಹೊಸದಾಗಿ ಅಚ್ಚು ಮಾಡಿಸಿದ ಟಿಪ್ಪಣಿ. ಅದರಲ್ಲಿ ಸರಳೀಕರಣದ ಸಾಲು ಇರಲಿಲ್ಲ. ‘ಐದನೆಯ ಬೆರಳು ಮರಿಯ ಬಾಯಲ್ಲಿದೆ’ ಎಂದಷ್ಟೇ ಇತ್ತು.

ಮೂರನ್ನೂ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಸೈಕಲ್ ಮೇಲೆ ರನ್ನ ಬೆಳಗಲಿಗೆ ಹೋದೆ. ಕುರಿಗಳು ಬೇರೆ ಹೊಲಕ್ಕೆ ಬಂದಿದ್ದವು. ಲಕ್ಕವ್ವ ಕಂಬಳಿಯ ನೂಲು ತೆಗೆಯುತ್ತ ಕೂತಿದ್ದಳು. ಕಾಗದ ಓದಿ ಹೇಳಿದೆ. ಕೇಳಿಸಿಕೊಂಡಳು.

‘ಅದನ್ನ ಬರಿಯಾಕ ಒಂದೂವರಿ ತಿಂಗಳು ಬೇಕಾತನು?’ ಅಂದಳು.

ಮರಿ ಎಲ್ಲಿ ಎಂದು ಕೇಳಿದೆ. ನೂಲು ಬಿಡದೆ ಗದ್ದದಿಂದ ತೋರಿಸಿದಳು. ಎರಡು ನೂರು ಕುರಿಗಳ ನಡುವೆ, ಆ ದಿನ ಒದ್ದ ಕುರಿಯ ಪಕ್ಕದಲ್ಲಿ ಅದು ನಿಂತಿತ್ತು. ಕಾಲು ಬಲಿತಿದ್ದವು. ನಾನು ಹತ್ತಿರ ಹೋಗಿ ಕುಕ್ಕುರುಗಾಲಲ್ಲಿ ಕೂತು, ತೋರುಬೆರಳು ಚಾಚಿದೆ. ಅದು ಬಂದು ಮೂಸಿ ನೋಡಿತು. ಆಮೇಲೆ ತಿರುಗಿ ತಾಯಿಯ ಹೊಟ್ಟೆಯ ಕೆಳಗೆ ಹೋಯಿತು.